ಅಪ್ಪನ ಟಿ-ಶರ್ಟ್ ಮೇಲಿನ ಹೆಸರು

ಡಲ್ಲಾಸ್ ಹತ್ತಿರದ ಪ್ಲೇನೋದಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಡಾಕ್ಟರ್ ಆಗುವ ಆಸೆ. ಎರಡು ಕಡೆ ಸೀಟು ಸಿಕ್ಕಿದೆ. ಒಂದು ಪೂರ್ವ ಕರಾವಳಿಯ ದೊಡ್ಡ ಹೆಸರಿನ ಖಾಸಗಿ ವಿಶ್ವವಿದ್ಯಾಲಯ, ವರ್ಷಕ್ಕೆ 90 ಸಾವಿರ ಡಾಲರ್ ಖರ್ಚು, ನಮಗೆ ರಿಯಾಯಿತಿ ಇಲ್ಲ. ಇನ್ನೊಂದು ಮನೆಯಿಂದ 25 ನಿಮಿಷ ದೂರದ ಸರ್ಕಾರಿ ಯೂನಿವರ್ಸಿಟಿ, ಟ್ಯೂಷನ್ ಪೂರ್ತಿ ಮಾಫಿ. ನಮ್ಮ ಯಜಮಾನರಿಗೆ ಮೊದಲನೆಯದೇ ಆಗಬೇಕು. ಒಳ್ಳೆ ಕಾಲೇಜಿನಿಂದ ಬಂದರೆ ಮೆಡಿಕಲ್ ಸೀಟು ಸುಲಭ ಅಲ್ವಾ? ಮಗಳಿಗೆ ಇತಿಹಾಸ ಇಷ್ಟವಂತೆ, ಆದರೆ ಬಯಾಲಜಿಯನ್ನೇ ತೆಗೆದುಕೊಳ್ಳಬೇಕಲ್ಲ?"

ಸಂಪಾದಕರ ಉತ್ತರ:

ಮನೆ ಹತ್ತಿರದ ಕಾಲೇಜಿಗೇ ಕಳಿಸಿ ತಾಯಿ. ಯಜಮಾನರಿಗೆ ಸಿಟ್ಟು ಬಂದರೆ ಈ ಪುಟ ತೋರಿಸಿ, ಬೈಗುಳ ನನಗೆ ಬರಲಿ.

ಹೆಸರಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳಲ್ಲ. ದೊಡ್ಡ ಕಾಲೇಜಿನಲ್ಲಿ ಲ್ಯಾಬುಗಳು ಚೆನ್ನಾಗಿರುತ್ತವೆ, ದಾರಿ ಹೇಳುವವರು ಇರುತ್ತಾರೆ, ಕೆಲವು ಮೆಡಿಕಲ್ ಸ್ಕೂಲುಗಳು ಆ ಹೆಸರು ಕಂಡರೆ ಅರ್ಜಿಯನ್ನು ಒಂದು ನಿಮಿಷ ಜಾಸ್ತಿ ನೋಡುತ್ತವೆ. ಆದಾಯ ಕಡಿಮೆ ಇರುವ ಮನೆಯ ಮಕ್ಕಳಿಗೆ ಈ ದೊಡ್ಡ ಕಾಲೇಜುಗಳು ಕೈತುಂಬಾ ನೆರವೂ ಕೊಡುತ್ತವೆ. ಆಯಿತಲ್ಲ, ಆ ಪಕ್ಷಕ್ಕೆ ಸಲ್ಲಬೇಕಾದ್ದು ಸಲ್ಲಿಸಿದೆ.

ನಮ್ಮವರ ತಲೆಯಲ್ಲಿ ಇನ್ನೂ ಕೂತಿರುವುದು ಸಿಇಟಿ. ರ್‍ಯಾಂಕ್ ಬಂತು, ಸೀಟು ಬಂತು, ಪಿಯುಸಿ ಮುಗಿಸಿದ ಹುಡುಗ ಮೈಸೂರಿಗೋ ದಾವಣಗೆರೆಗೋ ಹೊರಟ. ಅಮೆರಿಕದಲ್ಲಿ ಆ ಲೆಕ್ಕ ನಡೆಯಲ್ಲ. ನಾಲ್ಕು ವರ್ಷ ಡಿಗ್ರಿ, ನಾಲ್ಕು ವರ್ಷ ಮೆಡಿಕಲ್, ಆಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಪ್ರೀಮೆಡ್ ಅಂದರೆ ಅದೊಂದು ಡಿಗ್ರಿ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಬಯೋಕೆಮಿಸ್ಟ್ರಿ ಹೀಗೆ ಒಂದಿಷ್ಟು ಪಾಠ ಮುಗಿಸಿದ್ದರೆ ಸಾಕು, ಡಿಗ್ರಿ ಯಾವುದರಲ್ಲಾದರೂ ಇರಲಿ. ಕೋವಿಡ್ ಕಾಲದಲ್ಲಿ ದಿನಾ ಟಿವಿಯಲ್ಲಿ ಕಾಣುತ್ತಿದ್ದ ಡಾಕ್ಟರ್ ಆಂಟನಿ ಫೌಚಿ ಹೋಲಿ ಕ್ರಾಸ್ ಅನ್ನುವ ಸಣ್ಣ ಕಾಲೇಜಿನಲ್ಲಿ ಓದಿದ್ದು ಕ್ಲಾಸಿಕ್ಸ್, ಅಂದರೆ ಹಳೆಯ ಗ್ರೀಕ್, ಲ್ಯಾಟಿನ್. ನಿಮ್ಮ ಮಗಳು ಧಾರಾಳವಾಗಿ ಇತಿಹಾಸ ಓದಲಿ.

ಈಗ ಗ್ರೇಡಿನ ವಿಷಯ. ಇಲ್ಲಿ ನನ್ನ ಮನೆಯದೇ ಕಥೆ ಹೇಳಬೇಕು. ನನ್ನ ಮಗನನ್ನು ನಾನು ಹೆಸರು ನೋಡಿಯೇ ಕಳಿಸಿದೆ. ಕಾಲೇಜಿನ ಹೆಸರು ಬರೆದ ಟಿ-ಶರ್ಟ್ ಕೊಂಡು, ದಿನಸಿ ಅಂಗಡಿಗೂ ಅದನ್ನೇ ಹಾಕಿಕೊಂಡು ಹೋಗುತ್ತಿದ್ದೆ. ಮಗನಲ್ಲ, ನಾನು. ಎರಡನೇ ವರ್ಷ ಅಕ್ಟೋಬರಿನಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. "ಅಪ್ಪಾ, ಆರ್ಗ್ಯಾನಿಕ್ ಮಿಡ್‌ಟರ್ಮ್‌ನಲ್ಲಿ ನೂರಕ್ಕೆ 41." ಕ್ಲಾಸಿನಲ್ಲಿ ಮುನ್ನೂರು ಜನ. ಮೇಷ್ಟ್ರಿಗೆ ಇವನ ಮುಖ ಗೊತ್ತಿಲ್ಲ. ಎಲ್ಲರೂ ಅವರವರ ಹೈಸ್ಕೂಲಿಗೆ ಮೊದಲಿಗರಾಗಿ ಬಂದವರು, ಅಂಥವರ ಮಧ್ಯೆ ಸರಾಸರಿಗೆ ತಕ್ಕಂತೆ ಗ್ರೇಡ್ ಹಂಚಿದರೆ ಯಾರಾದರೂ ಕೆಳಗೆ ಬೀಳಲೇಬೇಕಲ್ಲ, ಆ ಸಲ ಬಿದ್ದವರಲ್ಲಿ ನನ್ನ ಮಗನೂ ಒಬ್ಬ. ಡಾಕ್ಟರ್ ಕನಸು ಡಿಸೆಂಬರಿಗೆ ಮುಗಿಯಿತು. ಈಗ ಅಕೌಂಟೆಂಟ್ ಆಗಿ ಸುಖವಾಗಿದ್ದಾನೆ, ಅದು ಬೇರೆ ಮಾತು. ಆ ಟಿ-ಶರ್ಟ್ ಈಗ ಕಾರ್ ಒರೆಸುವ ಬಟ್ಟೆ.

ನನ್ನ ಹೊಟ್ಟೆಕಿಚ್ಚು ಅಂತ ತಿಳಿಯಬೇಡಿ. ಪ್ರಿನ್ಸ್‌ಟನ್‌ನಲ್ಲಿ 2004ರಿಂದ 2014ರವರೆಗೆ ಎ ದರ್ಜೆಯ ಗ್ರೇಡುಗಳು ಶೇ 35ರ ಆಸುಪಾಸಿನಲ್ಲೇ ಇರಬೇಕು ಅನ್ನುವ ನೀತಿ ಇತ್ತು. ಅದು ಹೋಯಿತು, ಸರಿ. ಆದರೆ ಒಂದು ಕಾಲೇಜಿನ ಬಿ ಪ್ಲಸ್ ಇನ್ನೊಂದರ ಎ ಗ್ರೇಡಿಗೆ ಸಮ ಅಂತ ಮೆಡಿಕಲ್ ಸ್ಕೂಲಿನವರು ಕೂತು ತಾಳೆ ಹಾಕುತ್ತಾರೆ ಅಂತ ನಂಬಿ ಮಗುವನ್ನು ಕಳಿಸಬೇಡಿ. ಜಿಪಿಎ ಅಂದರೆ ಎಲ್ಲಾ ಗ್ರೇಡುಗಳ ಸರಾಸರಿ, 4ಕ್ಕೆ ಇಷ್ಟು ಅಂತ. ಅರ್ಜಿಯಲ್ಲಿ ಸೈನ್ಸ್ ಜಿಪಿಎ ಬೇರೆ, ಒಟ್ಟು ಜಿಪಿಎ ಬೇರೆ ಲೆಕ್ಕವಾಗುತ್ತದೆ. ಮೊದಲ ಸೆಮಿಸ್ಟರಿನ ಸಿ ಗ್ರೇಡ್ ಕೊನೆವರೆಗೂ ಬೆನ್ನು ಬಿಡಲ್ಲ, ಅದೇ ಪಾಠ ಮತ್ತೆ ಓದಿ ಎ ತೆಗೆದರೂ ಹಳೆಯದು ಅಳಿಸಿ ಹೋಗಲ್ಲ. ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಎಂಡಿಗೆ (ನಮ್ಮೂರಿನ ಎಂಬಿಬಿಎಸ್ ಇದ್ದ ಹಾಗೆ) ಅರ್ಜಿ ಹಾಕುತ್ತಾರೆ, ಸೇರುವವರು 23 ಸಾವಿರದ ಹತ್ತಿರ. ಸೇರಿದವರ ಸರಾಸರಿ ಜಿಪಿಎ 3.8ರ ಆಸುಪಾಸು, ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲಿ 528ಕ್ಕೆ 512ರ ಆಸುಪಾಸು. ಆ ಏಳೂವರೆ ಗಂಟೆ ಎಂಕ್ಯಾಟ್ ಹಾಲ್‌ನಲ್ಲಿ ಕೂತಾಗ ನೀನು ಯಾವ ಕಾಲೇಜು ಅಂತ ಕಂಪ್ಯೂಟರ್ ಕೇಳುವುದಿಲ್ಲ.

"ವಿವೇಕ್ ಮೂರ್ತಿ ಹಾರ್ವರ್ಡ್ ಅಲ್ವಾ ಸಾರ್?" ಅನ್ನುವವರು ಇದ್ದೇ ಇರುತ್ತಾರೆ. ಹೌದು, ಮಂಡ್ಯದ ಹಲ್ಲೆಗೆರೆ ಮೂಲದ ಮನೆಯ ಹುಡುಗ, ಹಾರ್ವರ್ಡ್, ಆಮೇಲೆ ಯೇಲ್, ಆಮೇಲೆ ದೇಶದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯ. ನನಗೂ ಹೆಮ್ಮೆ. ಆದರೆ ಅವರಿಗಿಂತ ಮೊದಲು ಅದೇ ಹುದ್ದೆಯಲ್ಲಿದ್ದ ರೆಜಿನಾ ಬೆಂಜಮಿನ್ ಡಿಗ್ರಿ ಓದಿದ್ದು ಎಲ್ಲಿ ಗೊತ್ತಾ? ನ್ಯೂ ಆರ್ಲಿಯನ್ಸ್‌ನ ಝೇವಿಯರ್ ಅನ್ನುವ ಸಣ್ಣ ಕಾಲೇಜಿನಲ್ಲಿ. ಅಲಬಾಮಾದ ಮೀನುಗಾರರ ಊರೊಂದರಲ್ಲಿ ಆಕೆ ಕ್ಲಿನಿಕ್ ನಡೆಸಿದರು. ಚಂಡಮಾರುತ ಎರಡು ಸಲ ಕೆಡವಿತು, ಒಂದು ಸಲ ಬೆಂಕಿ ಬಿತ್ತು, ಮತ್ತೆ ಕಟ್ಟಿದರು. ಆ ಝೇವಿಯರ್ ಹತ್ತಿರ ದುಡ್ಡಿಲ್ಲ, ಟಿ-ಶರ್ಟ್ ನೋಡಿ ಯಾರೂ ಹುಬ್ಬೇರಿಸಲ್ಲ. ಆದರೆ ಅಮೆರಿಕದ ಕಪ್ಪು ಜನರಲ್ಲಿ ಡಾಕ್ಟರಾದವರ ಲೆಕ್ಕ ತೆಗೆದರೆ ಅಲ್ಲಿ ಡಿಗ್ರಿ ಓದಿದವರೇ ಎಷ್ಟೋ ವರ್ಷ ಮುಂಚೂಣಿಯಲ್ಲಿದ್ದಾರೆ. ಮಂತ್ರ ಏನೂ ಇಲ್ಲ. ಕೆಮಿಸ್ಟ್ರಿಯನ್ನು ಹಂತ ಹಂತವಾಗಿ, ಗುಂಪಿನಲ್ಲಿ ಕೂರಿಸಿ, ಪದೇ ಪದೇ ಮಾಡಿಸುತ್ತಾರೆ. ಹಿಂದೆ ಬಿದ್ದವರನ್ನು ಸೋಸಿ ಎಸೆಯುವುದಿಲ್ಲ, ಎಳೆದು ತರುತ್ತಾರೆ.

ಸೋಸುವುದು ಅಂದೆ. ಕಾಲೇಜು ನೋಡಲು ಹೋದಾಗ "ನಮ್ಮಲ್ಲಿ ಅರ್ಜಿ ಹಾಕಿದ ನೂರರಲ್ಲಿ ತೊಂಬತ್ತು ಜನಕ್ಕೆ ಮೆಡಿಕಲ್ ಸೀಟು" ಅಂತ ಯಾರಾದರೂ ಹೇಳಿದರೆ, ಕಮಿಟಿ ಪತ್ರ ಎಷ್ಟು ಜನಕ್ಕೆ ಕೊಡುತ್ತೀರಿ ಅಂತ ಕೇಳಿ. ಕಾಲೇಜಿನ ಪರವಾಗಿ ಬರೆಯುವ ಶಿಫಾರಸು ಅದು. ಕೆಲವು ಕಡೆ ಗ್ರೇಡ್ ಕಡಿಮೆ ಇದ್ದವರಿಗೆ ಅದನ್ನು ಕೊಡುವುದೇ ಇಲ್ಲ. ಪತ್ರ ಸಿಗದವರು ಅರ್ಜಿ ಹಾಕಲು ಹಿಂಜರಿಯುತ್ತಾರೆ, ಆ ತೊಂಬತ್ತರ ಲೆಕ್ಕ ಚೆಂದವಾಗಿ ಉಳಿಯುತ್ತದೆ.

ಇನ್ನು ದುಡ್ಡು. ನಾಲ್ಕು ವರ್ಷಕ್ಕೆ 3 ಲಕ್ಷ 60 ಸಾವಿರ ಡಾಲರ್, ಅದೂ ಮೆಡಿಕಲ್ ಶುರುವಾಗುವ ಮೊದಲೇ. ಟೆಕ್ಸಾಸ್ ಕಾನೂನಿನ ಪ್ರಕಾರ ಅಲ್ಲಿನ ಸರ್ಕಾರಿ ಮೆಡಿಕಲ್ ಸ್ಕೂಲುಗಳಲ್ಲಿ ಶೇ 90ರಷ್ಟು ಸೀಟು ರಾಜ್ಯದವರಿಗೇ, ಫೀಸೂ ಖಾಸಗಿಗಿಂತ ತುಂಬಾ ಕಡಿಮೆ. ಮಗಳು ಪೂರ್ವಕ್ಕೆ ಹೋದರೂ ನೀವು ಪ್ಲೇನೋದಲ್ಲೇ ಇದ್ದರೆ ಸಾಮಾನ್ಯವಾಗಿ ಆ ಹಕ್ಕು ಹೋಗಲ್ಲ, ನಿಜ. ಅಂದರೆ ಎಲ್ಲಿ ಓದಿದರೂ ಸೀಟು ಸಿಗುವ ಸಾಧ್ಯತೆ ಜಾಸ್ತಿ ಇರುವುದು ಮನೆ ಹತ್ತಿರವೇ. ಹಾಗಿದ್ದ ಮೇಲೆ ಅಷ್ಟು ದುಡ್ಡು ಕೊಟ್ಟು ಪ್ರದಕ್ಷಿಣೆ ಹಾಕುವುದು ಯಾಕೆ? ಸಾಲದ ಬಾಗಿಲೂ ಕಿರಿದಾಗುತ್ತಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಮೆಡಿಕಲ್ ವಿದ್ಯಾರ್ಥಿಗಳಿಗೆ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಕೈಯಲ್ಲಿರುವುದನ್ನು ಈಗಲೇ ಖಾಲಿ ಮಾಡಬೇಡಿ.

ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ, ಇದು ನಿಮ್ಮೊಬ್ಬರ ಮೇಲಿನ ಸಿಟ್ಟಲ್ಲ. ನಮ್ಮ ಮಕ್ಕಳ ಸೇವೆಯೂ ಈಗ ಅರ್ಜಿಯ ಒಂದು ಸಾಲಾಗಿದೆ. ಬೇಸಿಗೆಯಲ್ಲಿ ಹತ್ತು ದಿನ ಅಜ್ಜನ ಹಳ್ಳಿಗೆ ಹೋಗುವುದು, ಜಗಲಿ ಮೇಲೆ ಯಾರದೋ ಬಿಪಿ ನೋಡುವುದು, ಫೋಟೋ ತೆಗೆಸುವುದು, ವಾಪಸ್ ಬಂದು "ಗ್ರಾಮೀಣ ಭಾರತದಲ್ಲಿ ವೈದ್ಯಕೀಯ ಸೇವೆ" ಅಂತ ಬರೆಯುವುದು. ಬಿಪಿ ನೋಡಿಸಿಕೊಂಡ ಮುದುಕಿ ಏನು ಹೇಳಿದಳು ಅಂತ ಕೇಳಿ ನೋಡಿ, ಹುಡುಗನಿಗೆ ಅರ್ಥವೇ ಆಗಿರಲ್ಲ.

ಹೋದ ಚಳಿಗಾಲದಲ್ಲಿ ನಮ್ಮ ಪಕ್ಕದ ಮನೆಗೆ ಊರಿಂದ ಬಂದಿದ್ದ ಅಜ್ಜಿಯನ್ನು ರಾತ್ರಿ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿದ್ದೆವು. ನಮ್ಮನ್ನು ಹೊರಗೆ ಕೂರಿಸಿದರು. ಅಜ್ಜಿ "ಸಂಕಟ ಆಗ್ತಿದೆ ಕಣಪ್ಪಾ" ಅಂತ ಒಂದೇ ಸಮನೆ ಹೇಳುತ್ತಿದ್ದಾರೆ. ಫೋನಿನಲ್ಲಿ ಸಿಕ್ಕಿದ್ದು ಹಿಂದಿ ಅನುವಾದಕ. ಹಿಂದಿಯಲ್ಲಿ ಸಂಕಟ ಅಂದರೆ ಅಪಾಯ ಅಲ್ವಾ, ಆತ ಅದನ್ನೇ ಹೇಳಿದ, ನರ್ಸ್ ಗಾಬರಿಯಾದಳು. ಆಗ ಕಂಬಳಿ ಹಂಚುತ್ತಿದ್ದ ಒಬ್ಬ ವಾಲಂಟಿಯರ್ ಹುಡುಗಿ ನಿಂತು, "ಅಲ್ಲ, ಅಜ್ಜಿಗೆ ವಾಂತಿ ಬರುವ ಹಾಗೆ ಆಗ್ತಿದೆ" ಅಂದಳಂತೆ. ಅಷ್ಟರಲ್ಲಿ ಅಜ್ಜಿ ನರ್ಸಿನ ಬೂಟಿನ ಮೇಲೇ ಅದನ್ನು ಸಾಬೀತು ಮಾಡಿದರು. ಹುಡುಗಿ ಅಲ್ಲೇ ಹತ್ತಿರದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಓದುತ್ತಾ, ಮನೆಯಲ್ಲೇ ಇದ್ದುಕೊಂಡು, ಎರಡು ವರ್ಷದಿಂದ ಪ್ರತಿ ಶುಕ್ರವಾರ ರಾತ್ರಿ ಬರುತ್ತಾಳಂತೆ. ಅಜ್ಜಿ ಅವಳ ಕಾಲೇಜು ಯಾವುದು ಅಂತ ಕೇಳಲಿಲ್ಲ. ಯಾವ ಊರಿನವಳಮ್ಮಾ, ಊಟ ಆಯ್ತಾ ಅಂತ ಕೇಳಿದರು.

ಕೊನೆಯದಾಗಿ ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಎರಡು ಪುಟದ ಪತ್ರದಲ್ಲಿ ಯಜಮಾನರ ಅಭಿಪ್ರಾಯ ಏಳು ಸಲ ಬಂದಿದೆ, ನಾದಿನಿಯ ಮಗನ ಕಾಲೇಜು ಮೂರು ಸಲ. ಮಗಳ ಮಾತು ಬಂದಿರುವುದು ಒಂದೇ ಕಡೆ, "ಇತಿಹಾಸ ಇಷ್ಟವಂತೆ" ಅಂತ. ಮೇ 1ರೊಳಗೆ ಹೇಳಬೇಕು, ಇನ್ನೂ ಎರಡು ವಾರ ಇದೆ. ಎರಡೂ ಕಾಲೇಜಿನ ಆರ್ಗ್ಯಾನಿಕ್ ಕ್ಲಾಸಿನಲ್ಲಿ ಒಂದೊಂದು ದಿನ ಹಿಂದಿನ ಬೆಂಚಿನಲ್ಲಿ ಅವಳನ್ನು ಕೂರಿಸಿ, ನೀವು ಹೊರಗೇ ಇರಿ. ಆಮೇಲೆ ನನಗೆ ಅವಳೇ ಬರೆಯಲಿ. ಕನ್ನಡದಲ್ಲೇ ಬರೆಯಲಿ, ತಪ್ಪಿದ್ದರೆ ನಾನು ತಿದ್ದಿಕೊಳ್ಳುತ್ತೇನೆ.