ಮೂರು ಕಡೆಯ ಲೆಕ್ಕ, ಒಂದು ಇಳುವರಿ: ಕೂಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ಜಗಳೂರು ಭಾಗದ ರೈತ ಉತ್ಪಾದಕ ಕಂಪನಿ. ತಾಲ್ಲೂಕಿನ ಮೆಕ್ಕೆಜೋಳದ ಸರಾಸರಿ ಇಳುವರಿ ಎಕರೆಗೆ ಎಷ್ಟು ಕ್ವಿಂಟಲ್ ಎಂದು ಅಂದಾಜು ಮಾಡಬೇಕಿದೆ. ನಮ್ಮ 60 ಸದಸ್ಯರನ್ನು ಕೇಳಿ ಬರೆದುಕೊಂಡದ್ದು 22 (ಪ್ರಮಾಣಿತ ದೋಷ, ಅಂದರೆ ಮಾದರಿ ಬದಲಾದರೆ ಅಂಕಿ ಆಚೀಚೆ ಆಗಬಹುದಾದ ಅಳತೆ, 0.6), ತಾಕಿನ ಬೆಳೆಯನ್ನು ಕೊಯ್ದು ತೂಗುವ 16 ಬೆಳೆ ಕಟಾವು ಪ್ರಯೋಗಗಳಿಂದ ಬಂದದ್ದು 18 (ದೋಷ 1), ಉಪಗ್ರಹ ಚಿತ್ರದ ಲೆಕ್ಕ 16 (ದೋಷ 2). ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಸಾಕೇ?

ಉತ್ತರ: ಸಾಲದು. ಹಾಗೆ ಮಾಡಿದರೆ ಗಟ್ಟಿ ಅಂಕಿಗೂ ಸಡಿಲ ಅಂಕಿಗೂ ಒಂದೇ ತೂಕ ಸಿಗುತ್ತದೆ. ದೋಷದ ವರ್ಗದಿಂದ 1ನ್ನು ಭಾಗಿಸಿ ಬಂದಷ್ಟು ತೂಕ ಕೊಡುವುದು ವಾಡಿಕೆ. ನಿಮ್ಮ ಮೂರಕ್ಕೆ ಅದು 2.78, 1 ಮತ್ತು 0.25, ಸರಾಸರಿ 20.6.

ಇದನ್ನೂ ಈಗಲೇ ವರದಿಗೆ ಬರೆಯಬೇಡಿ. ಪ್ರತಿ ಅಂಕಿ 20.6ರಿಂದ ಎಷ್ಟು ದೂರವಿದೆಯೋ ಅದರ ವರ್ಗವನ್ನು ಆಯಾ ತೂಕದಿಂದ ಗುಣಿಸಿ, ಮೂರನ್ನೂ ಕೂಡಿಸಿ. ಇದಕ್ಕೆ ಸಂಖ್ಯಾಶಾಸ್ತ್ರಜ್ಞ ಕಾಕ್ರನ್ ಅವರ ಕ್ಯೂ ಎನ್ನುತ್ತಾರೆ. ನಿಮ್ಮಲ್ಲಿ ಅದು ಸುಮಾರು 17.5. ಮೂರು ಮೂಲಗಳಿದ್ದಾಗ, ಮಾದರಿಯ ಏರುಪೇರೊಂದೇ ಇದ್ದಿದ್ದರೆ ಇದು 5.99 ದಾಟುವ ಸಾಧ್ಯತೆ ಸುಮಾರು ಶೇ 5 ಮಾತ್ರ. ಎಲ್ಲೋ ಅಳತೆಯೇ ಬೇರೆಯಾಗಿದೆ.

ಮೊದಲು ತೇವಾಂಶ ನೋಡಿ. ಸದಸ್ಯರು ಹೇಳಿದ್ದು ಒಕ್ಕಣೆಯಾದ ಕೂಡಲೇ ತೂಗಿದ ಕಾಳಿನ ಲೆಕ್ಕವಾಗಿದ್ದು, ತೇವ ಶೇ 20 ಇತ್ತೆಂದುಕೊಳ್ಳಿ. ಉಳಿದೆರಡು ಅಂಕಿಗಳು ಶೇ 14ರ ಲೆಕ್ಕದವಾದರೆ, 22 × 80 ÷ 86 = 20.5. ಎಕರೆಯನ್ನೂ ವಿಚಾರಿಸಿ: ಕೆಲವರು ಪಹಣಿಯಲ್ಲಿರುವುದನ್ನು ಹೇಳುತ್ತಾರೆ, ಬಿತ್ತಿದ್ದು ಅದಕ್ಕಿಂತ ನಾಲ್ಕಾರು ಗುಂಟೆ ಕಡಿಮೆ ಇರುತ್ತದೆ.

ಆಮೇಲೆ ಕೊಳವೆಬಾವಿ. 60 ಸದಸ್ಯರಲ್ಲಿ 30 ಮಂದಿ ನೀರಾವರಿಯವರು (ತೇವ ಸರಿಪಡಿಸಿದ ಮೇಲೆ ಸರಾಸರಿ 23.5), 30 ಮಂದಿ ಮಳೆಯಾಶ್ರಿತರು (17.5) ಎಂದಿಟ್ಟುಕೊಳ್ಳಿ. ತಾಲ್ಲೂಕಿನ ಮೆಕ್ಕೆಜೋಳದಲ್ಲಿ ನೀರಾವರಿ ಐದನೇ ಒಂದು ಪಾಲು ಮಾತ್ರವಿದ್ದರೆ ಸರಿಯಾದ ಲೆಕ್ಕ 0.2 × 23.5 + 0.8 × 17.5 = 18.7. ಈ ಪಾಲನ್ನು ಬೆಳೆ ಸಮೀಕ್ಷೆಯ ಅಂಕಿಗಳಿಂದ ತೆಗೆದುಕೊಳ್ಳಿ, ಊಹಿಸಬೇಡಿ. ಗುಂಪುಗಳ ದೋಷ ತಲಾ 0.55 ಇದ್ದರೆ ಒಟ್ಟು 0.45 ಬರುತ್ತದೆ. ಅಷ್ಟು ಚಿಕ್ಕ ದೋಷವನ್ನು ನಾನಂತೂ ನಂಬುವುದಿಲ್ಲ. ಪ್ರಮಾಣಿತ ದೋಷ ಮಾದರಿಯ ಏರುಪೇರನ್ನಷ್ಟೇ ಹೇಳುತ್ತದೆ. ಚೀಲದ ಲೆಕ್ಕವನ್ನು ದುಂಡಗೆ ಮಾಡಿ ಹೇಳುವುದು, ಸದಸ್ಯರಲ್ಲದವರ ಹೊಲ ಬೇರೆ ಥರ ಇರುವುದು ಅದರಲ್ಲಿ ಕಾಣುವುದಿಲ್ಲ. ಅದಕ್ಕೆಂದು 0.9 ಸೇರಿಸಿ: 0.45ರ ವರ್ಗ, 0.9ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 1. ಈ 0.9 ತೀರ್ಮಾನದ ಅಂಕಿ. ವರದಿಯಲ್ಲಿ ಹಾಗೆಂದೇ ಬರೆಯಿರಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಉಪಗ್ರಹದ ಅಂಕಿಯಲ್ಲಿ. ಆ ಲೆಕ್ಕವನ್ನು ಹೊಂದಿಸಿದ್ದು ಇದೇ 16 ಕಟಾವು ತಾಕುಗಳಿಂದಲೇ ಆಗಿದ್ದರೆ, ಕಟಾವಿನ ತಪ್ಪು ಅದರೊಳಗೂ ಕೂತಿರುತ್ತದೆ. ಒಂದೇ ಸಾಕ್ಷಿಯನ್ನು ಎರಡು ಸಲ ಕೇಳಿದಂತೆ. ಎರಡರ ದೋಷಗಳ ಸಹಸಂಬಂಧ (ಒಂದು ತಪ್ಪಿದಾಗ ಇನ್ನೊಂದೂ ಅದೇ ಕಡೆಗೆ ತಪ್ಪುವ ಮಟ್ಟ) 0.5 ಇದ್ದರೆ ಕಟಾವಿನ ತೂಕದ ಪಾಲು (4 − 1) ÷ (1 + 4 − 2) = 1, ಉಪಗ್ರಹಕ್ಕೆ ಸೊನ್ನೆ. ಇಲ್ಲಿ 4 ಮತ್ತು 1 ದೋಷಗಳ ವರ್ಗ. ಕಳೆಯುವ 1 ಎಂದರೆ 0.5 × 1 × 2, ಕೆಳಗೆ ಅದರ ಎರಡರಷ್ಟು. ಸಹಸಂಬಂಧ 0.5 ಮೀರಿದರೆ ಉಪಗ್ರಹದ ತೂಕ ಋಣಸಂಖ್ಯೆಯಾಗುತ್ತದೆ. ಗಣಿತ ಸರಿಯೇ, ಆದರೆ ಸಹಸಂಬಂಧವನ್ನೇ ಅಂದಾಜಿನಿಂದ ಹಾಕಿರುವಾಗ ಅದನ್ನು ಬಳಸುವುದು ಅಪಾಯ, ಸೊನ್ನೆಯಲ್ಲೇ ನಿಲ್ಲಿಸಿ.

ಆಗ ಉಳಿಯುವುದು 18.7 ಮತ್ತು 18, ದೋಷ ಎರಡಕ್ಕೂ 1. ಉತ್ತರ 18.35, ದೋಷ 0.71; ದೋಷದ ಸುಮಾರು ಎರಡರಷ್ಟನ್ನು ಆಚೀಚೆ ಹಿಡಿದರೆ ಸುಮಾರು 17ರಿಂದ 19.7 ಕ್ವಿಂಟಲ್. ಉಪಗ್ರಹದ ಲೆಕ್ಕ ಮಾಡಿದವರನ್ನು ಯಾವ ತಾಕುಗಳಿಂದ ಹೊಂದಿಸಿದಿರಿ ಎಂದು ಕೇಳಿ. ಬೇರೆ ತಾಕುಗಳಿಂದ ಎಂದಾದರೆ ಅದರ 0.25 ತೂಕವನ್ನು ಉಳಿಸಿಕೊಳ್ಳಬಹುದು: ಆಗ ಉತ್ತರ 18.1, ದೋಷ 0.67, ಕ್ಯೂ ಕೂಡ 1.5ರ ಆಸುಪಾಸಿಗೆ ಇಳಿಯುತ್ತದೆ.