‘ಪಿಎಚ್‌ಡಿ ಮುಗೀತಲ್ಲ, ಇನ್ನೇನು ಓದೋದು?’

(ಗುರುತು ಸಿಗಬಾರದೆಂದು ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಶ್ರುತಿ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಮಗಳು. ದಾವಣಗೆರೆಯಲ್ಲಿ ಅತಿಥಿ ಉಪನ್ಯಾಸಕಿ. ಅಡಿಕೆ ಸಿಪ್ಪೆ ಸುಟ್ಟು ಇಂಗಾಲ ಮಾಡಿ, ಅದನ್ನು ವಿದ್ಯುತ್ ಕೂಡಿಡುವ ಸೂಪರ್‌ಕೆಪಾಸಿಟರ್‌ಗೆ ಬಳಸುವುದರ ಮೇಲೆ ಪಿಎಚ್‌ಡಿ. ಪದವಿ ಸಿಕ್ಕು ಮೂರು ವರ್ಷ ಆಗಿದೆ. ಎರಡು ವರ್ಷದ ಮಗು. ಗಂಡನ ಜೊತೆ ನನ್ನ ಬಳಿ ಸಲಹೆಗೆ ಬಂದಿದ್ದರು. ರಾತ್ರಿ ನಿದ್ದೆ ಇಲ್ಲ, ಮಾತೆತ್ತಿದರೆ ಅಳು.

ಏನಾಯ್ತು ಅಂತ ಕೇಳಿದರೆ ಮೊಬೈಲ್ ಮುಂದೆ ಹಿಡಿದರು. ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಕೇಳಿ ವಿದೇಶದ ಪ್ರೊಫೆಸರ್‌ಗಳಿಗೆ ಕಳಿಸಿದ ಮೇಲ್‌ಗಳು, ಬೆರಳಲ್ಲಿ ಎಳೆದಷ್ಟೂ ಮುಗಿಯಲ್ಲ. ಎಲ್ಲದರಲ್ಲೂ ಅದೇ ‘ರೆಸ್ಪೆಕ್ಟೆಡ್ ಸರ್’, ಅದೇ ‘ನಿಮ್ಮ ಪ್ರತಿಷ್ಠಿತ ಲ್ಯಾಬ್‌ನಲ್ಲಿ ಅವಕಾಶ ಕೊಡಿ’. ಒಬ್ಬ ಮಹಿಳಾ ಪ್ರೊಫೆಸರ್‌ಗೂ ‘ಸರ್’ ಅಂತಲೇ ಹೋಗಿತ್ತು. ಅಡಿಕೆ ಸಿಪ್ಪೆಯ ಸುದ್ದಿ ಮಾತ್ರ ಎಲ್ಲೂ ಇಲ್ಲ. “ಹಳ್ಳಿ ವಿಷಯ ಅಂದ್ಕೋತಾರೆ ಅಂತ ಬರೀಲಿಲ್ಲ ಮೇಡಂ.” ಉತ್ತರ ಬಾರದ ಒಂದೊಂದು ಮೇಲ್‌ಗೂ ‘ನಾನು ಲಾಯಕ್ಕಿಲ್ಲ’ ಅಂತ ತಾವೇ ಅರ್ಥ ಹಚ್ಚಿಕೊಂಡಿದ್ದರು.

ಗಂಡನ ಗೊಂದಲ ಬೇರೆ. ಪಿಎಚ್‌ಡಿ ಮುಗಿದ ಮೇಲೂ ಫೀಸು ಕಟ್ಟಿ ಓದಬೇಕು ಅಂದುಕೊಂಡಿದ್ದರು. ಒಬ್ಬ ಏಜೆಂಟ್ ಆಗಲೇ ಲಕ್ಷಗಟ್ಟಲೆ ಕೇಳಿದ್ದನಂತೆ. ಪೋಸ್ಟ್‌ಡಾಕ್ ಕೆಲಸವೇ, ಸಂಬಳವೋ ಫೆಲೋಶಿಪ್ಪೋ ಕೈಗೆ ಬರುತ್ತದೆ, ಅದನ್ನು ಕೊಡಿಸ್ತೀನಿ ಅಂತ ದುಡ್ಡು ಕೇಳುವವನ ಫೋನ್ ಎತ್ತಬೇಡಿ ಅಂದೆ. ಗಂಡ ಹೆಂಡತಿಯ ಅರ್ಧ ಜಗಳ ಅಲ್ಲೇ ಇಳಿಯಿತು.

ಶ್ರುತಿಗೆ ಹೇಳಿದ್ದು ಇಷ್ಟು. ಎಲ್ಲರಿಗೂ ಒಂದೇ ಮೇಲ್ ಕಳಿಸೋದು ನಿಲ್ಲಿಸಿ. ಸಸ್ಯತ್ಯಾಜ್ಯದ ಇಂಗಾಲದ ಮೇಲೆ ಈಗ ಕೆಲಸ ನಡೆಸುತ್ತಿರುವ ಕೆಲವೇ ಲ್ಯಾಬ್ ಆರಿಸಿ. ಅವರ ಇತ್ತೀಚಿನ ಪೇಪರ್ ಓದಿ. ಅದರಲ್ಲಿ ನಿಮ್ಮ ಕೈಯಿಂದ ಏನಾಗುತ್ತೆ ಅಂತ ಹತ್ತು ಸಾಲಿನೊಳಗೆ ಬರೆಯಿರಿ. ಅಡಿಕೆ ಸಿಪ್ಪೆ ಮೊದಲ ಸಾಲಲ್ಲೇ ಇರಲಿ, ನಿಮ್ಮ ಬಂಡವಾಳವೇ ಅದು. ಜಾಹೀರಾತು ಬಂದ ಹುದ್ದೆಗಳಿಗೆ ಯುರೋಪಿನ ಯೂರಾಕ್ಸೆಸ್, ಬ್ರಿಟನ್ನಿನ ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ಜಾಲತಾಣಗಳನ್ನು ನೋಡ್ತಿರಿ.

ಇನ್ನೊಂದು ವಿಷಯ ಜೋರಾಗಿಯೇ ಹೇಳಬೇಕಾಯ್ತು. ‘ಮೊದಲು ಪರ್ಮನೆಂಟ್ ನೌಕರಿ ಆಗಲಿ, ಆಮೇಲೆ ನೋಡೋಣ’ ಅಂತ ಮನೆಯವರೆಲ್ಲ ಕೂತಿದ್ದರು. ನೇಮಕಾತಿ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ, ಫೆಲೋಶಿಪ್‌ಗಳ ಗಡುವು ಮಾತ್ರ ಓಡುತ್ತಿರುತ್ತದೆ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ 4 ವರ್ಷದೊಳಗೆ ಅರ್ಜಿ ಹಾಕಬೇಕು. ಜಪಾನಿನ ಜೆಎಸ್‌ಪಿಎಸ್‌ ಫೆಲೋಶಿಪ್‌ಗೆ 6 ವರ್ಷ, ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ 8. ಹಂಬೋಲ್ಟ್‌ಗೆ ವರ್ಷವಿಡೀ ಅರ್ಜಿ ಹಾಕಬಹುದು. ಮಗು ನೋಡಿಕೊಂಡ ಅವಧಿಗೆ ಅಲ್ಲಿ ರಿಯಾಯಿತಿಯೂ ಇದೆ. ಗಂಡ, ಮಗು ಜೊತೆಗೆ ಹೋದರೆ ಭತ್ಯೆ ಸಿಗುತ್ತದೆ. ಆದರೆ ಮೂರರಲ್ಲೂ ಅಲ್ಲಿನ ಒಬ್ಬ ಪ್ರೊಫೆಸರ್ ಮೊದಲು ‘ಬನ್ನಿ’ ಅನ್ನಬೇಕು. ಅದಕ್ಕೇ ಆ ಮೇಲ್ ಅಷ್ಟು ಮುಖ್ಯ. ಇಲ್ಲಿನ ನೇಮಕಾತಿಗೂ ಅರ್ಜಿ ಹಾಕಲಿ, ಬೇಡ ಅಂದವರ್ಯಾರು?

ನಿದ್ದೆಗೆ ಒಂದೇ ನಿಯಮ ಹಾಕಿದೆ: ರಾತ್ರಿ ಊಟದ ಮೇಲೆ ಮೇಲ್ ತೆರೆಯೋ ಹಾಗಿಲ್ಲ. ಜರ್ಮನಿಯ ಸಂಜೆಗೆ ಇವರು ದಾವಣಗೆರೆಯಲ್ಲಿ ಎಚ್ಚರ ಕೂರೋದು ಸುಮ್ನೆ ಹಿಂಸೆ.

ಹೊಸ ಮೇಲ್‌ಗಳಲ್ಲಿ ಎರಡಕ್ಕೆ ಉತ್ತರ ಬಂತು. ಒಬ್ಬರು ‘ಸದ್ಯ ಹಣವಿಲ್ಲ’ ಅಂದರು. ಇನ್ನೊಬ್ಬರು ಒಂದು ಪುಟದ ಯೋಜನೆ ಕೇಳಿ, ಆನ್‌ಲೈನ್‌ನಲ್ಲಿ ಮಾತಾಡಿದರು, ಶಿಫಾರಸು ಪತ್ರ ತರಿಸಿ ಅಂದಿದ್ದಾರೆ. ಪಿಎಚ್‌ಡಿ ಗೈಡ್ ‘ಕೊಡೋಣ ಬಿಡಮ್ಮ’ ಅಂತಲೇ ದಿನ ತಳ್ಳುತ್ತಿದ್ದಾರೆ. ವಾರಕ್ಕೊಮ್ಮೆ ನೆನಪಿಸಿ, ಇನ್ನೊಬ್ಬ ಪ್ರಾಧ್ಯಾಪಕರನ್ನೂ ಈಗಲೇ ಕೇಳಿಟ್ಟುಕೊಳ್ಳಿ ಅಂದಿದ್ದೇನೆ.