ಅಮೆರಿಕದ ಕೌಂಟಿ ಶೆರಿಫ್ ಇಲಾಖೆಯಲ್ಲಿ ಗಸ್ತಿನವರು ಮತ್ತು ವಿಶೇಷ ದಳದವರು ಹೇಗೆ ಕೆಲಸ ಮಾಡುತ್ತಾರೆ?

ಊರಿಗೆ ಪೊಲೀಸರು ಇರುವಾಗ ಶೆರಿಫ್ ಯಾಕೆ, ಅವರ ಗಸ್ತಿನವರು ದಿನವಿಡೀ ಏನು ಮಾಡುತ್ತಾರೆ, ನಾಯಿ, ಹೆಲಿಕಾಪ್ಟರ್ ಎಲ್ಲ ಯಾವಾಗ ಬರುತ್ತವೆ ಅಂತ ಕೇಳಿದ್ದೀರಿ. ನಾನು ಪೊಲೀಸ್ ಅಲ್ಲ. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ, ಸಮಾಮಿಶ್ ಅನ್ನೋ ಊರಿನಲ್ಲಿ ಇದ್ದೇನೆ. ಸಿಯಾಟಲ್ ಪಕ್ಕದ ಊರು, ನಮ್ಮ ಕನ್ನಡದವರು ಜಾಸ್ತಿ ಇದ್ದಾರೆ. ಎರಡು ಸಲ ಈ ಇಲಾಖೆಯನ್ನು ಹತ್ತಿರದಿಂದ ನೋಡಿದ್ದೇನೆ. ಒಮ್ಮೆ ಅಪ್ಪ ಬೆಟ್ಟದಲ್ಲಿ ಕಾಲು ಉಳುಕಿಸಿಕೊಂಡಾಗ, ಇನ್ನೊಮ್ಮೆ ಒಂದು ಇಡೀ ರಾತ್ರಿ ಗಸ್ತಿನ ಕಾರಿನಲ್ಲಿ ಕೂತು. ಆದ್ದರಿಂದ ನಮ್ಮ ಕೌಂಟಿಯ ಬಗ್ಗೆಯೇ ಹೇಳುತ್ತೇನೆ.

ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಶೆರಿಫ್ ಅಂದರೆ ಅದರ ಪೊಲೀಸ್ ಮುಖ್ಯಸ್ಥ. ಕಿಂಗ್ ಕೌಂಟಿಯ ನೆಲ ಸುಮಾರು 5,500 ಚದರ ಕಿ.ಮೀ., ಬೆಂಗಳೂರು ನಗರ ಜಿಲ್ಲೆಯ ಎರಡೂವರೆ ಪಟ್ಟು. ಸಿಯಾಟಲ್, ಬೆಲ್‌ವ್ಯೂ ತರದ ದೊಡ್ಡ ಊರುಗಳಿಗೆ ಸ್ವಂತ ಪೊಲೀಸರಿದ್ದಾರೆ. ಯಾವ ನಗರಕ್ಕೂ ಸೇರದ ಜಾಗ ಪೂರ್ತಿ ಶೆರಿಫ್ ಪಾಲು. ಹಳ್ಳಿ, ಕಾಡು, ಹೊಲ, ಬೆಟ್ಟ ಎಲ್ಲ ಅದರಲ್ಲಿ ಬರುತ್ತವೆ. ಇನ್ನೂ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸಮಾಮಿಶ್, ಶೋರ್‌ಲೈನ್, ಬ್ಯೂರಿಯನ್ ತರದ ಊರುಗಳು ಸ್ವಂತ ಪೊಲೀಸ್ ಇಲಾಖೆ ಕಟ್ಟಿಲ್ಲ. ಕೌಂಟಿಗೆ ದುಡ್ಡು ಕೊಟ್ಟು ಶೆರಿಫ್ ಸಿಬ್ಬಂದಿಯನ್ನೇ ಒಪ್ಪಂದದ ಮೇಲೆ ಇಟ್ಟುಕೊಂಡಿವೆ. ನಮ್ಮೂರಿನ ಕಾರಿನ ಮೇಲೆ ಸಮಾಮಿಶ್ ಪೊಲೀಸ್ ಅಂತಲೇ ಇರುತ್ತದೆ, ಒಳಗೆ ಕೂತವರು ಮಾತ್ರ ಶೆರಿಫ್ ಡೆಪ್ಯೂಟಿ, ಅಂದರೆ ಶೆರಿಫ್ ಕೈಕೆಳಗಿನ ಪೊಲೀಸರು. ಅಮೆರಿಕದ ಬಹುಪಾಲು ಕೌಂಟಿಗಳಲ್ಲಿ ಶೆರಿಫ್‌ನನ್ನು ಜನ ಮತ ಹಾಕಿ ಆರಿಸುತ್ತಾರೆ. ಇಲ್ಲಿ 2020ರ ನವೆಂಬರ್‌ನಲ್ಲಿ ಮತದಾರರೇ ಅದನ್ನು ಬದಲಾಯಿಸಿ, ನೇಮಕದ ಹುದ್ದೆ ಮಾಡಿದರು. ಬೇರೆ ಎಷ್ಟೋ ಕಡೆ ಜೈಲೂ ಶೆರಿಫ್ ಕೈಯಲ್ಲೇ ಇರುತ್ತದೆ. ಇಲ್ಲಿ ಅದಕ್ಕೆ ಬೇರೆ ಇಲಾಖೆ ಇದೆ.

ಈಗ ಗಸ್ತಿಗೆ ಬರೋಣ. ಇಲಾಖೆಯ ಬೆನ್ನೆಲುಬು ಇದೇ. ಅರ್ಜಿ ಹಾಕಿದ ನಾಗರಿಕರನ್ನು ಒಂದು ಶಿಫ್ಟ್ ಜೊತೆಗೆ ಕರೆದುಕೊಂಡು ಹೋಗುವ ಪದ್ಧತಿ ಇಲ್ಲಿದೆ. ಹಾಗೆ ನಾನೂ ಹೋದೆ. ಮೊದಲು ಗಮನಕ್ಕೆ ಬಂದದ್ದು, ಒಂದು ಕಾರಿಗೆ ಒಬ್ಬರೇ. ನಮ್ಮ ಹೊಯ್ಸಳ ಗಾಡಿಯ ಹಾಗೆ ಜೊತೆಗಾರರಿಲ್ಲ. ಡೆಪ್ಯೂಟಿ ಹೊರಡುವ ಮುಂಚೆ ಡಿಕ್ಕಿ ತೆಗೆದು ಒಂದೊಂದೇ ಮುಟ್ಟಿ ನೋಡಿದರು. ರಕ್ತ ನಿಲ್ಲಿಸುವ ಪಟ್ಟಿ, ಮಾದಕ ದ್ರವ್ಯ ಅತಿಯಾದವರ ಮೂಗಿಗೆ ಹಾಕುವ ನಾಲೊಕ್ಸೋನ್ ಸ್ಪ್ರೇ, ರಸ್ತೆಗೆ ಇಡುವ ದೀಪಗಳು. ಸ್ಟೀರಿಂಗ್ ಪಕ್ಕದಲ್ಲೇ ಲ್ಯಾಪ್‌ಟಾಪ್. ತುರ್ತು ಸಂಖ್ಯೆ 911ಕ್ಕೆ ಬಂದ ಕರೆಗಳು ತುರ್ತಿನ ಪ್ರಕಾರ ಅದರಲ್ಲಿ ಸಾಲಾಗಿ ಕಾಣುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಜಾಗ ಹಂಚಿರುತ್ತಾರೆ. ಪಕ್ಕದ ಜಾಗದವರು ಒಂದು ಕರೆಯಲ್ಲಿ ಸಿಕ್ಕಿಹಾಕಿಕೊಂಡರೆ ಇವರು ಅಲ್ಲಿಗೂ ಓಡಬೇಕು.

ಆ ರಾತ್ರಿ ಮೊದಲ ಮೂರು ಗಂಟೆ ಏನಾಯಿತು ಗೊತ್ತಾ? ಎರಡು ಸಲ ಕಳ್ಳತನದ ಅಲಾರಂ ಸುಮ್ನೆ ಹೊಡೆದುಕೊಂಡಿತ್ತು. ಒಂಟಿಯಾಗಿರುವ ಅಜ್ಜಿ ಫೋನ್ ಎತ್ತುತ್ತಿಲ್ಲ ಅಂತ ದೂರದ ಊರಿನಿಂದ ಮಗಳು ಕರೆ ಮಾಡಿದ್ದಳು. ಹೋಗಿ ಬಾಗಿಲು ತಟ್ಟಿದರೆ ಅಜ್ಜಿ ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ್ದರು. ಡೆಪ್ಯೂಟಿ ಅಲ್ಲೇ ನಿಂತು, ತಮ್ಮ ಫೋನಿನಿಂದ ಮಗಳಿಗೆ ಕರೆ ಮಾಡಿ ಮಾತಾಡಿಸಿದರು. ಇಂಥದ್ದು ಸುದ್ದಿಯಾಗುವುದಿಲ್ಲ. ಆದರೆ ಗಸ್ತು ಅಂದರೆ ಹೆಚ್ಚಿನ ಪಾಲು ಇದೇ, ಆಮೇಲೆ ಕಾರಿನಲ್ಲಿ ಕೂತು ವರದಿ ಟೈಪ್ ಮಾಡುವುದು.

ನಡುರಾತ್ರಿ ಒಂದು ಮನೆ ಕಳ್ಳತನದ ಕರೆ ಬಂತು. ಒಬ್ಬ ಹಿತ್ತಿಲು ಹಾರಿ ಮರಗಳ ಕಡೆ ಓಡಿದ್ದ. ನಾನು ಇವರೂ ಬೆನ್ನಟ್ಟುತ್ತಾರೆ ಅಂದುಕೊಂಡೆ. ಇಲ್ಲ. ಕಾರನ್ನು ರಸ್ತೆಯ ಮೂಲೆಯಲ್ಲಿ ನಿಲ್ಲಿಸಿ, ದೀಪ ಹಾಕಿ ಸುಮ್ಮನೆ ನಿಂತರು. ಇನ್ನು ಮೂರು ಮೂಲೆಗೆ ಮೂರು ಕಾರು ಬಂದು ನಿಂತವು. ಯಾಕೆ ಅಂದರೆ, ಒಳಗೆ ನಾಲ್ಕು ಜನ ಓಡಾಡಿದರೆ ವಾಸನೆ ಕಲಸಿಹೋಗುತ್ತದೆ, ನಾಯಿಗೆ ಜಾಡು ಸಿಗುವುದಿಲ್ಲ. ದೀಪ ಕಂಡವನು ಹೊರಗೆ ಬರಲು ಹೆದರಿ ಒಳಗೇ ಅಡಗಿ ಕೂರುತ್ತಾನೆ. ಆಮೇಲೆ ನಾಯಿ ಮತ್ತು ಅದನ್ನು ನಡೆಸುವವರು ಬಂದರು, ಹಿಂದೆ ಕಾವಲಿಗೆ ಒಬ್ಬರು. ಇಲಾಖೆಯ ಗಾರ್ಡಿಯನ್ ಒನ್ ಹೆಲಿಕಾಪ್ಟರ್ ಸಿಕ್ಕಿದರೆ ಮೇಲಿನಿಂದ ಮೈಶಾಖ ಗುರುತಿಸುವ ಕ್ಯಾಮೆರಾ ಹಿಡಿಯುತ್ತದೆ. ಆ ರಾತ್ರಿ ಅದು ಬರಲಿಲ್ಲ. ನಲವತ್ತು ನಿಮಿಷದ ಮೇಲೆ ನಾಯಿಯೇ ಒಂದು ಶೆಡ್ ಹತ್ತಿರ ಅವನನ್ನು ಪತ್ತೆ ಮಾಡಿತು. ಆ ಹೊತ್ತಷ್ಟೂ ನಮ್ಮ ಡೆಪ್ಯೂಟಿ ಆ ಮೂಲೆಯಿಂದ ಒಂದು ಹೆಜ್ಜೆ ಕದಲಲಿಲ್ಲ. ವಿಶೇಷ ದಳ ಗೆಲ್ಲುವುದು ಗಸ್ತಿನವರು ಹೀಗೆ ನಿಂತಿದ್ದರೆ ಮಾತ್ರ ಅನ್ನೋದು ನನಗೆ ಅಲ್ಲೇ ಅರ್ಥವಾಯಿತು.

ಸ್ವಾಟ್ (ಆಯುಧ ಹಿಡಿದವರನ್ನು ಎದುರಿಸುವ ದಳ), ಬಾಂಬ್ ದಳ, ನೀರಿನಲ್ಲಿ ಮುಳುಗಿ ಹುಡುಕುವ ದಳ ಇವೆಲ್ಲವೂ ಇವೆ. ಆದರೆ ಸಣ್ಣ ಕೌಂಟಿಗಳಲ್ಲಿ ಇವರಲ್ಲಿ ಹೆಚ್ಚಿನವರು ಪ್ರತಿದಿನ ಬೇರೆ ಕೆಲಸ ಮಾಡುವವರೇ. ಕರೆ ಬಂದಾಗ ಗಸ್ತು ಬಿಟ್ಟು ಹೊರಡುತ್ತಾರೆ. ದೊಡ್ಡ ಅಪರಾಧಗಳ ಪತ್ತೇದಾರರದು ಪೂರ್ಣಾವಧಿ ಕೆಲಸ, ಬಹಳ ತಾಳ್ಮೆಯದು. ಇಲ್ಲಿನ ಗ್ರೀನ್ ರಿವರ್ ಸರಣಿ ಕೊಲೆಗಳನ್ನೇ ನೋಡಿ. 1982ರಲ್ಲಿ ಮೊದಲ ಹೆಣಗಳು ಸಿಕ್ಕವು. 1987ರಲ್ಲಿ ಗ್ಯಾರಿ ರಿಡ್ಜ್‌ವೇ ಅನ್ನೋ ಶಂಕಿತನ ಎಂಜಲಿನ ಮಾದರಿ ತೆಗೆದಿಟ್ಟಿದ್ದರು. ಅದರಿಂದ ಡಿಎನ್‌ಎ ಹೊಂದಿಸಿ ಅವನನ್ನು ಬಂಧಿಸಿದ್ದು 2001ರ ನವೆಂಬರ್‌ನಲ್ಲಿ. 14 ವರ್ಷ ಆ ಮಾದರಿಯನ್ನು ಕೆಡದಂತೆ ಕಾಪಾಡಿದ್ದರು.

ಇಲ್ಲಿರುವ ನಮ್ಮವರಿಗಾಗಿ ಒಂದು ಮಾತು ಹೇಳಲೇಬೇಕು. ಮನೆಯೊಳಗಿನ ಜಗಳದ ಕರೆಗೆ ಸಾಮಾನ್ಯವಾಗಿ ಇಬ್ಬರಾದರೂ ಬರುತ್ತಾರೆ, ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಮಾತಾಡಿಸುತ್ತಾರೆ. ಹಿಂದಿನ 4 ಗಂಟೆಯೊಳಗೆ ಮನೆಯವರ ಮೇಲೆ ಹಲ್ಲೆ ಆಗಿದೆ ಅನ್ನೋಕೆ ಸರಿಯಾದ ಆಧಾರ ಕಂಡರೆ, ವಾಷಿಂಗ್ಟನ್ ಕಾನೂನಿನ ಪ್ರಕಾರ ಬಂಧಿಸಲೇಬೇಕು. ‘ನಾವು ರಾಜಿಯಾದೆವು, ಬಿಟ್ಟುಬಿಡಿ’ ಅಂದರೆ ನಡೆಯುವುದಿಲ್ಲ. ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ ಇದು ಗೊತ್ತಿರಬೇಕು. ಹೆದರಿ ಕೂರಬೇಡಿ, 911ಕ್ಕೆ ಕರೆ ಮಾಡಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅನ್ನಿ.

ಇನ್ನು ಅಪ್ಪನ ವಿಷಯ. ಈ ರಾಜ್ಯದಲ್ಲಿ ಕಾಡು, ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡವರನ್ನು ಹುಡುಕಿ ತರುವ ಹೊಣೆಯೂ ಶೆರಿಫ್‌ನದೇ. ಮೌಂಟ್ ಸೈ ಇಳಿಯುವಾಗ ಅಪ್ಪನ ಪಾದ ಬೇರಿಗೆ ಸಿಕ್ಕಿ ತಿರುಚಿತು. ಒಂದು ಹೆಜ್ಜೆಯೂ ಇಡಲು ಆಗಲಿಲ್ಲ. ನಾನು ಒಂದು ಗಂಟೆ ಹಿಂದೆ ಮುಂದೆ ನೋಡಿದೆ, ಕರೆ ಮಾಡಿದರೆ ಲಕ್ಷಗಟ್ಟಲೆ ಬಿಲ್ ಬರುತ್ತದೇನೋ ಅಂತ. ಕೊನೆಗೆ ಮಾಡಿದೆ. ವ್ಯವಸ್ಥೆ ಮಾಡಿದ್ದು ಒಬ್ಬ ಡೆಪ್ಯೂಟಿ, ಮೇಲೆ ಹತ್ತಿ ಬಂದವರು ಸ್ವಯಂಸೇವಕರು. ಸ್ಟ್ರೆಚರಿನ ಕೆಳಗೆ ಒಂದೇ ಒಂದು ದಪ್ಪ ಚಕ್ರ, ಎರಡೂ ಕಡೆ ಮೂರು ಮೂರು ಜನ. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಾಯಿಸುತ್ತಾ, ಪ್ರತಿ ಕಲ್ಲಿಗೂ ‘ಈಗ ಸ್ವಲ್ಪ ಅಲುಗುತ್ತೆ’ ಅಂತ ಅಪ್ಪನಿಗೆ ಹೇಳುತ್ತಾ ಇಳಿಸಿದರು. ಅವರಲ್ಲಿ ಇಬ್ಬರು ಹೈಸ್ಕೂಲ್ ಮಕ್ಕಳು. ಇಲ್ಲಿನ ಎಕ್ಸ್‌ಪ್ಲೋರರ್ ಸರ್ಚ್ ಆಂಡ್ ರೆಸ್ಕ್ಯೂ ತಂಡಕ್ಕೆ 14 ವರ್ಷಕ್ಕೇ ಸೇರಿ ತರಬೇತಿ ಪಡೆಯಬಹುದು. ಕೆಳಗೆ ಬಂದ ಮೇಲೆ ಎಷ್ಟು ಕೊಡಬೇಕು ಅಂತ ಕೇಳಿದೆ. ಅವರು ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಒಬ್ಬಾಕೆ ಹೇಳಿದ್ದು ಇಷ್ಟೇ, ‘ಮುಂದಿನ ಸಲ ಒಂದು ಗಂಟೆ ಕಾಯಬೇಡಿ, ಬೆಳಕಿರುವಾಗಲೇ ಕರೆಯಿರಿ.’